ಹುರಿ ಚೆನ್ನಾಗಿದೆ, ಚೀಟಿ ಇಲ್ಲ: ಶಿಡ್ಲಘಟ್ಟದ ಒಂದು ಟ್ವಿಸ್ಟಿಂಗ್ ಯೂನಿಟ್

ಶಿಡ್ಲಘಟ್ಟದಲ್ಲಿ ಕಚ್ಚಾ ರೇಷ್ಮೆ ನೂಲನ್ನು ತಿರುಚಿ ಹುರಿ ಹಾಕಿಕೊಡುವ ಯೂನಿಟ್‌ಗಳು ಬೇಕಾದಷ್ಟಿವೆ. ಅದರಲ್ಲಿ ನಮ್ಮ ಮನೆಯವರು ಕೆಲಸ ಕೊಡುವ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಅದಕ್ಕೆ ಬೋರ್ಡೂ ಇಲ್ಲ, ಓನರ್ ಹೆಸರು ಹೇಳಿದರೆ ಟೀ ಅಂಗಡಿಯವರು ಕೈ ತೋರಿಸುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಮಿಷಿನ್ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಲೆಕ್ಕಪತ್ರಕ್ಕೆ ಒಂದೂವರೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಇಲ್ಲಿ ಆ ಲೆಕ್ಕ ನಡೆಯಲ್ಲ.

ನಮ್ಮ ಮಾವ ಚಿಂತಾಮಣಿ ಕಡೆಯ ಹಳ್ಳಿಯಲ್ಲಿ ರೇಷ್ಮೆ ಸೀರೆ ನೇಯಿಸುತ್ತಾರೆ. ಮನೆಯಲ್ಲೇ ನಾಲ್ಕು ಮಗ್ಗ. ನಾನು ಕಾಲೇಜಿನಲ್ಲಿ ಬಿ.ಎಸ್ಸಿ ಫೊರೆನ್ಸಿಕ್ ಸೈನ್ಸ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಮದುವೆಯಾದ ಹೊಸದರಲ್ಲಿ ಮನೆಯವರಿಗೆ ನನ್ನ ಕೆಲಸ ಅಂದರೆ ಹೆಣ ಕೊಯ್ಯುವುದು ಅಂತಲೇ ಲೆಕ್ಕ. ಅಲ್ಲ, ಕೂದಲು, ದಾರ, ಗಾಜಿನ ಚೂರು, ಮಣ್ಣು, ಬೆರಳಚ್ಚು ಇಂಥದ್ದನ್ನು ಹೇಗೆ ನೋಡಬೇಕು ಅಂತ ಹೇಳಿಕೊಡುತ್ತೇನೆ ಅಂದಾಗ ಮಾವ, "ಹಂಗಾದ್ರೆ ನಮ್ಮ ನೂಲೂ ಸ್ವಲ್ಪ ನೋಡಮ್ಮ" ಅಂದರು. ಅಲ್ಲಿಂದ ಶಿಡ್ಲಘಟ್ಟಕ್ಕೆ ಲಡಿ (ನೂಲಿನ ಸುರುಳಿ) ಕೊಡುವ, ತರುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ರಾಜ್ಯದ ಫೊರೆನ್ಸಿಕ್ ಲ್ಯಾಬ್ ಇರುವುದೂ ಬೆಂಗಳೂರಿನ ಮಡಿವಾಳದಲ್ಲಿ, ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕೇಂದ್ರ ರೇಷ್ಮೆ ಮಂಡಳಿ ಇರುವುದೂ ಅಲ್ಲೇ. ನಮ್ಮ ಮನೆಯ ಎರಡು ಕಸುಬೂ ಒಂದೇ ಬಸ್ ಸ್ಟಾಪಿನಲ್ಲಿ ಇಳಿಯುತ್ತವೆ.

ಮೊದಲು ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ನನ್ನ ದೂರು ಅರ್ಥವಾಗಲ್ಲ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಗೊತ್ತಲ್ವಾ, ರಾಮನಗರದ ಜೊತೆಗೆ ಹೆಸರು ಬರುವಂಥದ್ದು. ಅಲ್ಲಿ ಹರಾಜಾದ ಗೂಡು, ಅದರಿಂದ ನೂಲು ಬಿಚ್ಚುವ ರೀಲರ್‌ಗಳ ಮನೆಗೆ ಹೋಗುತ್ತದೆ. ಬಿಸಿನೀರಿನಲ್ಲಿ ಬೆಂದು ಎಳೆ ಬಿಡುತ್ತದೆ. ಒಂದು ಗೂಡಿನಲ್ಲಿ ಕಡಿತವಿಲ್ಲದೆ ಬಿಚ್ಚುವ ಎಳೆ ತಳಿಯ ಮೇಲೆ 600 ಮೀಟರ್ ಇರಬಹುದು, ಒಳ್ಳೆ ಬೈವೋಲ್ಟೈನ್ (ಬಿಳಿ ಗೂಡಿನ ತಳಿ) ಆದರೆ 1,000 ಮೀಟರ್ ದಾಟಬಹುದು. ಆದರೆ ಒಂದೇ ಎಳೆ ತೀರಾ ಸಣ್ಣ, ಎರಡು ಎರಡೂವರೆ ಡೆನಿಯರ್. ಡೆನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಎಂಟೋ ಹತ್ತೋ ಗೂಡುಗಳ ಎಳೆ ಒಟ್ಟಿಗೆ ಎಳೆದಾಗ 20/22, ಅಂದರೆ 20ರಿಂದ 22 ಡೆನಿಯರ್ ನೂಲು ಆಗುತ್ತದೆ. ಎಳೆಗಳನ್ನು ಹಿಡಿದಿಡುವುದು ಹುಳು ತಾನೇ ಬಿಟ್ಟ ಗೋಂದು, ಸೆರಿಸಿನ್. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಇದೇ. ಬಣ್ಣಕ್ಕೆ ಮುಂಚೆ ಸೋಪು ನೀರಿನಲ್ಲಿ ಕುದಿಸಿ ತೆಗೆದಾಗ ಈ ತೂಕ ಹೋಗುತ್ತದೆ, ಹೊಸಬರು ಅದನ್ನು ನೋಡಿ ಬಣ್ಣದವರು ಕದ್ದರು ಅಂತ ಜಗಳ ಮಾಡುವುದುಂಟು.

ಗೋಂದು ಹೋದ ಮೇಲೆ ಎಳೆಗಳನ್ನು ಹಿಡಿದಿಡುವುದಕ್ಕೆ ಏನೂ ಇರಲ್ಲ. ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಉಜ್ಜಿ ಉಜ್ಜಿ ಹಾಸು (ಉದ್ದದ ಎಳೆಗಳು) ಕೂದಲು ಕೂದಲಾಗುತ್ತದೆ. ಹುರಿ ಬೇಕಾಗುವುದು ಅದಕ್ಕೇ. ಹಾಸಿನ ನೂಲಿಗೆ ಮೊದಲು ಒಂಟಿ ಎಳೆಗೆ ಒಂದು ದಿಕ್ಕಿಗೆ ಹುರಿ, ಆಮೇಲೆ ಅಂಥ ಎರಡನ್ನು ಜೋಡಿಸಿ ಉಲ್ಟಾ ದಿಕ್ಕಿಗೆ ಇನ್ನೊಂದು ಹುರಿ. ಇದಕ್ಕೆ ಆರ್ಗಂಜೈನ್ ಅನ್ನುತ್ತಾರೆ. ಮಾವ ಕೇಳುವುದು ಇಂಚಿಗೆ ಮೊದಲ ಹುರಿ 16 ಸುತ್ತು, ಎರಡನೆಯದು 14. ಹೊಕ್ಕಿನ, ಅಂದರೆ ಅಡ್ಡ ಎಳೆಯ ನೂಲಿಗೆ ಇಷ್ಟು ಬೇಡ, ಎರಡು ಮೂರು ಎಳೆ ಸೇರಿಸಿ ಇಂಚಿಗೆ ಎರಡೋ ಮೂರೋ ಸುತ್ತು ಸಾಕು, ಮೆದುವಾಗಿ ತುಂಬಿಕೊಳ್ಳಬೇಕು. ಕ್ರೇಪ್, ಜಾರ್ಜೆಟ್‌ಗೆ ಇಂಚಿಗೆ 40ರಿಂದ ಮೇಲೆ, 60, 70ರ ತನಕ ಹೋಗುತ್ತದೆ.

ಒಂದು ಕೆಜಿ 20/22 ನೂಲು ಬಿಚ್ಚಿದರೆ ನಾಲ್ಕು ಲಕ್ಷ ಮೀಟರ್ ದಾಟುತ್ತದೆ, ಅಂದರೆ 400 ಕಿಲೋಮೀಟರ್ ಮೇಲೆ. ಅದರ ಪ್ರತಿ ಮೀಟರಿಗೂ ಮೊದಲ ಹುರಿಯಲ್ಲೇ ಆರುನೂರು ಚಿಲ್ಲರೆ ಸುತ್ತು ಬೀಳಬೇಕು, ಎಲ್ಲಾ ಕಡೆ ಒಂದೇ ಸಮ. ಇದನ್ನು ತಲೆಯಲ್ಲಿಟ್ಟುಕೊಂಡು ಯೂನಿಟ್ ಒಳಗೆ ಹೋಗಿ, ಆಗ ಕೂಲಿ ಯಾಕೆ ಕೊಡುತ್ತೇವೆ ಅಂತ ಗೊತ್ತಾಗುತ್ತದೆ.

ಯೂನಿಟ್ ಅಂದರೆ ಉದ್ದನೆಯ ಶೀಟಿನ ಶೆಡ್ಡು. ಒಳಗೆ ಕಾಲಿಟ್ಟರೆ ಸದ್ದು, ಮಾತಾಡಬೇಕಾದರೆ ಹೊರಗೆ ಬರಬೇಕು. ಓನರ್‌ಗೆ ಎಲ್ಲರೂ ಬಾಯ್ (ಉರ್ದುವಿನಲ್ಲಿ ಅಣ್ಣ) ಅನ್ನುತ್ತಾರೆ, ನಾನೂ ಹಾಗೇ. ಅವರು ನನಗೆ ಮೇಡಂ ಅನ್ನುತ್ತಾರೆ, ಸಿಟ್ಟು ಬಂದಾಗ ಟೀಚರಮ್ಮ. ಕೆಲಸಗಾರರ ನಡುವೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ.

ಮೊದಲ ಕೆಲಸ ನೆನೆಹಾಕುವುದು. ಎಣ್ಣೆ, ಸೋಪು ಬೆರೆಸಿದ ಬೆಚ್ಚನೆ ನೀರಿನಲ್ಲಿ ಲಡಿ ಮುಳುಗಿಸುತ್ತಾರೆ. ಗೋಂದು ಮೆದುವಾಗಬೇಕು, ಬಿಟ್ಟುಹೋಗಬಾರದು. ಇದರಲ್ಲಿ ಆತುರ ಮಾಡಿದರೆ ಮುಂದೆ ಬಾಬಿನ್ನಿಗೆ ಸುತ್ತುವಾಗ ಎಳೆ ಪಟ ಪಟ ಕಡಿಯುತ್ತದೆ. ಬಾಯ್ ಆತುರ ಮಾಡುವವರಲ್ಲ, ಇದು ಅವರ ದೊಡ್ಡ ಗುಣ. ನೆರಳಿನಲ್ಲೇ ಒಣಗಿಸುತ್ತಾರೆ, ಬಿಸಿಲಿಗೆ ಹಾಕಲ್ಲ. ಅರ್ಜೆಂಟ್ ಅಂತ ಎಷ್ಟು ಗೋಗರೆದರೂ ಹಾಕಲ್ಲ.

ವೈಂಡಿಂಗ್ ಹೆಂಗಸರ ಕೆಲಸ. ಒಬ್ಬ ಅಕ್ಕ ಇದ್ದಾರೆ, ಕಡಿದ ಎಳೆ ಕಣ್ಣಿಗೆ ಕಾಣುವ ಮುಂಚೆ ಅವರ ಕೈ ಅಲ್ಲಿರುತ್ತದೆ. ಗಂಟು ಹಾಕಿ ಬಾಲ ಕತ್ತರಿಸುವುದು ಎಷ್ಟು ಚಿಕ್ಕದಾಗಿ ಅಂದರೆ, ಮಗ್ಗದಲ್ಲಿ ಹಣಿಗೆ ದಾಟುವಾಗ ಸಿಕ್ಕಿಕೊಳ್ಳಲ್ಲ. ನೂಲು ಕೊಡಲು ಯೂನಿಟ್ ಹುಡುಕುತ್ತಿದ್ದರೆ ಮಿಷಿನ್ ಯಾವ ಕಂಪನಿಯದು ಅಂತ ಕೇಳುವುದಕ್ಕಿಂತ ವೈಂಡಿಂಗ್‌ನಲ್ಲಿ ಯಾರಿದ್ದಾರೆ ನೋಡಿ. ಗಂಟು ಸರಿ ಇಲ್ಲದ ನೂಲಿಗೆ ಎಷ್ಟು ಒಳ್ಳೆಯ ಹುರಿ ಹಾಕಿದರೂ ನೇಯುವವರು ಶಾಪ ಹಾಕುತ್ತಾರೆ.

ಆಮೇಲೆ ಹುರಿ ಮಿಷಿನ್. ನೆಟ್ಟಗೆ ನಿಂತ ಬಾಬಿನ್‌ಗಳು ತಿರುಗುತ್ತಾ ಇರುತ್ತವೆ, ನೂಲು ಮೇಲಕ್ಕೆ ಏರಿ ಇನ್ನೊಂದು ಬಾಬಿನ್ನಿಗೆ ನಿಧಾನವಾಗಿ ಸುತ್ತಿಕೊಳ್ಳುತ್ತದೆ. ಮೇಲಿನದು ನಿಧಾನವಾದಷ್ಟೂ ಇಂಚಿಗೆ ಹುರಿ ಜಾಸ್ತಿ. ಅದಕ್ಕೇ ಹುರಿ ಹೆಚ್ಚು ಕೇಳಿದರೆ ಕೂಲಿಯೂ ಹೆಚ್ಚು, ಅದೇ ಮಿಷಿನ್ ದಿನಕ್ಕೆ ಕೊಡುವ ನೂಲು ಕಡಿಮೆಯಾಗುತ್ತದಲ್ಲ. ಕೆಜಿ ರೇಟು ಇಲ್ಲಿ ಬರೆಯುವುದಿಲ್ಲ, ಇಂದು ಬರೆದದ್ದು ನಾಳೆಗೆ ಹಳತು. ಸುತ್ತಮುತ್ತ ವಿಚಾರಿಸಿದರೆ ಈ ಯೂನಿಟ್ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಅಂತ ಕೇಳಿದ್ದೆ. ಬಾಯ್ ಮುಚ್ಚುಮರೆ ಮಾಡಲಿಲ್ಲ. ಸುತ್ತುವುದು ನಿಂತರೂ ತಿರುಗುವ ಬಾಬಿನ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಆ ಜಾಗದಲ್ಲಿ ಹುರಿ ಗಟ್ಟಿಯಾಗುತ್ತದೆ ಅಂದರು. ಜನರೇಟರ್ ಇದೆ, ಆದರೆ ಅದು ಶುರುವಾಗುವ ತನಕದ ತುಂಡು ಉಳಿದೇ ಉಳಿಯುತ್ತದೆ. ನಮ್ಮ ಕಡೆಯ ಕರೆಂಟ್ ಗೊತ್ತಿರುವವರು ಇದನ್ನು ತಪ್ಪು ಅನ್ನಲ್ಲ.

ಕೊನೆಗೆ ಸ್ಟೀಮ್. ಹುರಿ ಹಾಕಿದ ನೂಲಿಗೆ ಬಿಚ್ಚಿಕೊಳ್ಳುವ ಆಸೆ ಇರುತ್ತದೆ, ಹಬೆ ಕೊಟ್ಟು ಅದನ್ನು ಕೂರಿಸಬೇಕು. ಇದನ್ನು ಪರೀಕ್ಷೆ ಮಾಡುವುದು ಸುಲಭ. ಒಂದು ಮೊಳ ನೂಲು ಹಿಡಿದು ಎರಡೂ ತುದಿ ಹತ್ತಿರ ತನ್ನಿ. ನೂಲು ಸುಮ್ನೆ ಜೋತು ಬಿದ್ದರೆ ಸರಿ, ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಗುಂಗುರಾದರೆ ಹಬೆ ಸಾಲದು. ನಮಗೆ ಇಲ್ಲಿ ಗುಂಗುರು ನೂಲು ಬಂದದ್ದು ನೆನಪಿಲ್ಲ.

ಹುರಿ ಎಣಿಸುವುದಕ್ಕೆ ನನ್ನ ಬಳಿ ಲ್ಯಾಬಿನದೇ ಪದ್ಧತಿ. ಕಪ್ಪು ಕಾಗದದ ಮೇಲೆ ಒಂದು ಇಂಚು ಗುರುತು ಮಾಡಿ, ಒಂದು ತುದಿ ಅಂಟಿಸಿ, ಇನ್ನೊಂದು ತುದಿ ಹಿಡಿದು ಸುತ್ತು ಬಿಚ್ಚುತ್ತಾ ಹೋಗುವುದು. ನಡುವೆ ಸೂಜಿ ತೂರಿಸಿದರೆ ಎರಡು ಎಳೆಯ ನಡುವೆ ಸರಾಗವಾಗಿ ಆಚೆ ತನಕ ಓಡಬೇಕು. ಅಲ್ಲಿಗೆ ಎಷ್ಟು ಸುತ್ತಾಯಿತೋ ಅದೇ ಲೆಕ್ಕ. 14 ಕೇಳಿದ ನೂಲಿನಲ್ಲಿ ಬೇರೆ ಬೇರೆ ಲಡಿಯಿಂದ ತೆಗೆದು ನೋಡಿದೆ, 13ರಿಂದ 15ರ ಒಳಗೇ ಸಿಕ್ಕಿತು. ಕೈಮಗ್ಗದ ಸೀರೆಗೆ ಇದು ಬಹಳ ಒಳ್ಳೆಯ ಕೆಲಸ. ನಾಲ್ಕೂವರೆ ಕೊಟ್ಟದ್ದು ಇದಕ್ಕೇ.

ಇಲ್ಲಿ ಒಂದು ಮಾತು. ಅಪರಾಧ ನಡೆದ ಜಾಗದಲ್ಲಿ ಹಗ್ಗವೋ ದಾರವೋ ಸಿಕ್ಕರೆ ನಾವು ಬರೆದುಕೊಳ್ಳುವುದೂ ಇದನ್ನೇ. ಎಷ್ಟು ಎಳೆ, ಯಾವ ದಿಕ್ಕಿನ ಹುರಿ, ಇಂಚಿಗೆ ಎಷ್ಟು ಸುತ್ತು, ಎಷ್ಟು ದಪ್ಪ, ಯಾವ ನಾರು, ಏನು ಬಣ್ಣ. ದಿಕ್ಕು ನೋಡುವುದು ಹೀಗೆ: ದಾರವನ್ನು ನೆಟ್ಟಗೆ ಹಿಡಿಯಿರಿ. ಓರೆ ಗೆರೆಗಳು ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿದರೆ ಇಂಗ್ಲಿಷಿನ ಎಸ್ ಅಕ್ಷರದ ನಡು ಭಾಗದ ಹಾಗೆ, ಅದು ಎಸ್ ಹುರಿ. ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಬಂದರೆ ಜೆಡ್. ದಾರವನ್ನು ತಲೆಕೆಳಗು ಮಾಡಿ ಹಿಡಿದರೂ ದಿಕ್ಕು ಬದಲಾಗಲ್ಲ, ಬೇಕಾದರೆ ಈಗಲೇ ಒಂದು ಹೊಲಿಗೆ ದಾರ ತಗೊಂಡು ನೋಡಿ. ಹೊಲಿಗೆ ಮಿಷಿನ್ ದಾರ ಸಾಮಾನ್ಯವಾಗಿ ಜೆಡ್.

ಈಗ ದೂರು.

ವರಮಹಾಲಕ್ಷ್ಮಿ ಹಬ್ಬದ ಸೀಸನ್‌ಗೆ ಅಂತ ಮಾವ ನವಿಲು ಬಣ್ಣದ ಸೀರೆ ಹಾಕಿಸಿದ್ದರು. ಒಡಲು ಪೂರಾ ಪ್ಲೇನ್, ಬುಟ್ಟಾ ಇಲ್ಲ, ಅಂಚು ಮಾತ್ರ ಜರಿ. ಮಗ್ಗದಿಂದ ಕೊಯ್ದು ಬೆಳಕಿಗೆ ಹಿಡಿದರೆ ಉದ್ದಕ್ಕೂ ಗೆರೆಗಳು. ನೇರ ನೋಡಿದರೆ ಕಾಣಲ್ಲ. ಸ್ವಲ್ಪ ಓರೆ ಮಾಡಿದರೆ ಅಲ್ಲೊಂದು ಇಲ್ಲೊಂದು ಪಟ್ಟಿ, ಒಂದು ಕಡೆಯಿಂದ ಕಪ್ಪಗೆ, ಇನ್ನೊಂದು ಕಡೆಯಿಂದ ಬೆಳ್ಳಗೆ. ಮಾವ ತೆಲುಗಿನಲ್ಲಿ ಬಣ್ಣದವರ ವಂಶವನ್ನೆಲ್ಲ ನೆನೆದರು. ಬಣ್ಣದವರು ಬಂದು ನೋಡಿ, ಒಂದೇ ಕಡಾಯಿಯಲ್ಲಿ ಅದ್ದಿದ್ದು, ಹೀಗಾಗುವುದಕ್ಕೆ ಸಾಧ್ಯವೇ ಇಲ್ಲ ಅಂತ ತಲೆ ಮೇಲೆ ಕೈಯಿಟ್ಟು ಹೇಳಿದರು. ಅವರು ಹೇಳಿದ್ದು ನಿಜ.

ಕುಚ್ಚು ಕಟ್ಟುವುದಕ್ಕೆ ಸೆರಗಿನ ತುದಿಯಲ್ಲಿ ಹಾಸಿನ ಎಳೆ ಬಿಟ್ಟಿರುತ್ತಾರಲ್ಲ, ಅಲ್ಲಿಂದ ಪಟ್ಟಿಯ ಜಾಗದ ಒಂದೆರಡು ಎಳೆ, ಪಕ್ಕದ ಒಂದೆರಡು ಎಳೆ ಕತ್ತರಿಸಿದೆ. ಬೇರೆ ಬೇರೆ ಕಾಗದದಲ್ಲಿ ಮಡಿಸಿ ಮೇಲೆ ಬರೆದೆ. ಲೆನ್ಸ್ ಕೆಳಗೆ ಇಟ್ಟರೆ ಪಕ್ಕದ್ದು ಎಸ್, ಪಟ್ಟಿಯದು ಜೆಡ್. ಅಷ್ಟೇ ವ್ಯತ್ಯಾಸ. ದಪ್ಪ ಒಂದೇ, ಹುರಿಯ ಲೆಕ್ಕ ಹೆಚ್ಚು ಕಡಿಮೆ ಒಂದೇ, ಬಣ್ಣವೂ ಒಂದೇ. ಹುರಿಯ ಓರೆ ಯಾವ ಕಡೆಗಿದೆಯೋ ಅದರ ಮೇಲೆ ಬೆಳಕು ಚಿಮ್ಮುವ ದಿಕ್ಕು ಬದಲಾಗುತ್ತದೆ. ಬೇಕು ಅಂತಲೇ ಎಸ್, ಜೆಡ್ ಎರಡನ್ನೂ ಹಾಸಿನಲ್ಲಿ ಪಕ್ಕ ಪಕ್ಕ ಹಾಕಿ ನೆರಳಿನ ಪಟ್ಟೆ ಬರಿಸುವ ಬಟ್ಟೆಗಳಿವೆ. ನಮಗೆ ಬೇಡದೆ ಬಂತು. ಬಿಳಿ ಲಡಿಯಲ್ಲಿ ಇದನ್ನು ಕಣ್ಣಿನಲ್ಲಿ ಹಿಡಿಯುವುದು ಕಷ್ಟ, ಮುಟ್ಟಿದರೂ ಗೊತ್ತಾಗಲ್ಲ.

ಬಣ್ಣಕ್ಕೆ ಕೊಡದೆ ಉಳಿದಿದ್ದ ಲಡಿಗಳು ಕಟ್ಟು ಬಿಚ್ಚದೆ ಹಾಗೇ ಇದ್ದವು. ಅದರಲ್ಲೂ ಎರಡು ಜೆಡ್. ಅವನ್ನು ಕಾಗದದ ಕವರಿನಲ್ಲಿ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೊರಟೆ. ಪ್ಲಾಸ್ಟಿಕ್ ಅಲ್ಲ, ಕಾಗದ. ತೇವ ಇರಬಹುದಾದ ಯಾವ ಸಾಕ್ಷಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ ಹೇಳಿ ನನಗೂ ಅಭ್ಯಾಸ ಆಗಿಬಿಟ್ಟಿದೆ.

ಬಾಯ್ ಲಡಿಯಿಂದ ಒಂದು ಎಳೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದರು. ಒಂದು ಕಡೆ ಹೊಸೆದರೆ ಬಿಗಿಯಾಗುತ್ತದೆ, ಇನ್ನೊಂದು ಕಡೆ ಹೊಸೆದರೆ ಬಿಚ್ಚುತ್ತದೆ. ನನ್ನ ಲೆನ್ಸ್ ಅವರಿಗೆ ಬೇಕಾಗಲೇ ಇಲ್ಲ. "ಹೌದು, ಉಲ್ಟಾ ಇದೆ" ಅಂದರು. ಆಮೇಲೆ ಹೇಳಿದ ಮಾತು ನೋಡಿ: "ಆದ್ರೆ ಇದು ನನ್ ಮಿಷಿನ್‌ದೇ ಅಂತ ಏನ್ ಗ್ಯಾರಂಟಿ ಟೀಚರಮ್ಮ? ಈ ಹುರಿ ಊರೆಲ್ಲಾ ಹಾಕ್ತಾರೆ."

ಸಿಟ್ಟು ಬಂದರೂ, ಪ್ರಶ್ನೆ ಸರಿಯಾಗಿಯೇ ಇತ್ತು. ಫೊರೆನ್ಸಿಕ್ ಪಾಠದಲ್ಲಿ ನಾನು ಮೊದಲ ತಿಂಗಳೇ ಹೇಳುವ ವಿಷಯ ಅದು. ಬೆರಳಚ್ಚು ಒಬ್ಬ ಮನುಷ್ಯನ ಹತ್ತಿರ ಕರೆದುಕೊಂಡು ಹೋಗುತ್ತದೆ. ನಾರು, ದಾರ ಹಾಗಲ್ಲ. ಇದು ಇಂಥ ಜಾತಿಯ ದಾರ, ಇಂಥ ಬಟ್ಟೆಯಿಂದ ಬಂದಿರಬಹುದು ಅನ್ನುವ ತನಕ ಮಾತ್ರ ಹೇಳಬಹುದು. ಅದರಿಂದಲೇ ಬಂದದ್ದು ಅಂತ ಕೋರ್ಟಿನಲ್ಲಿ ಹೇಳಿದರೆ ಎದುರಿನ ವಕೀಲರು ಬಿಡಲ್ಲ, ಬಿಡಲೂಬಾರದು. ಎಳೆಯ ಮೇಲೆ ನಿಂತ ಕೇಸುಗಳೂ ಇವೆ. ಅಮೆರಿಕದ ಅಟ್ಲಾಂಟಾದಲ್ಲಿ 1979ರಿಂದ 1981ರ ತನಕ ಸಾಲಾಗಿ ಕೊಲೆಗಳಾದವು. ವೇಯ್ನ್ ವಿಲಿಯಮ್ಸ್ ಅನ್ನುವವನಿಗೆ 1982ರಲ್ಲಿ ಎರಡು ಕೊಲೆಗಳಿಗೆ ಶಿಕ್ಷೆಯಾಯಿತು. ಹೆಣಗಳ ಮೇಲೆ ಸಿಕ್ಕ ಹಸಿರು ನೈಲಾನ್ ಎಳೆಗಳು ಅವನ ಮನೆಯ ಕಾರ್ಪೆಟ್ಟಿನ ಎಳೆಗಳಿಗೆ ಹೊಂದಿದವು. ಆ ಸಾಕ್ಷಿಗೆ ಬಲ ಬಂದದ್ದು ಎಳೆಯ ಆಕಾರ ಅಪರೂಪದ್ದು, ಅಂಥ ಕಾರ್ಪೆಟ್ ಮಾರಾಟವಾದದ್ದೂ ಕಡಿಮೆ ಅನ್ನುವುದರಿಂದ. ಜೊತೆಗೆ ನಾಯಿ ಕೂದಲು, ಬೇರೆ ಎಳೆಗಳೂ ಹೊಂದಿದ್ದವು. ಶಿಡ್ಲಘಟ್ಟದಲ್ಲಿ ಬಿಳಿ ರೇಷ್ಮೆಯ ಆರ್ಗಂಜೈನ್ ಅಪರೂಪದ್ದು ಅಂತ ಯಾರಾದರೂ ಹೇಳಿದರೆ ನಗುತ್ತಾರೆ.

ಇಷ್ಟೆಲ್ಲ ಬಾಯ್‌ಗೆ ಹೇಳಿದೆ. ಅವರು ಕೇಳಿಸಿಕೊಂಡರು, ಟೀ ತರಿಸಿದರು, ಒಪ್ಪಲಿಲ್ಲ.

ಕೇಸ್ ಮುಗಿಸಿದ್ದು ವೈಂಡಿಂಗ್ ಅಕ್ಕ. ಲಡಿ ಕೆದರದ ಹಾಗೆ ಮೂರು ನಾಲ್ಕು ಕಡೆ ಅಡ್ಡ ದಾರ ತೂರಿಸಿ ಕಟ್ಟಿರುತ್ತಾರೆ. ಅಕ್ಕ ಆ ಕಟ್ಟು ನೋಡಿ, "ಬಾಯ್, ಈ ಗಂಟು ನಂದು. ನಾನು ಬಿಟ್ರೆ ಇಲ್ಲಿ ಯಾರೂ ಬಾಲ ಒಳಗ್ ಹಾಕಲ್ಲ" ಅಂದರು. ಅಲ್ಲಿ ನೇತುಹಾಕಿದ್ದ ಬೇರೆ ಲಡಿಗಳನ್ನು ನೋಡಿದೆವು. ನಿಜ, ಉಳಿದವರು ಕಟ್ಟಿದ್ದರಲ್ಲಿ ಬಾಲ ಹೊರಗೆ ಇಳಿಬಿದ್ದಿತ್ತು. ಬಾಯ್ ಅಕ್ಕನ ಮುಖ ನೋಡಿದರು, ಪುಸ್ತಕ ತೆಗೆದರು. ಅದೇ ವಾರ ಆಂಧ್ರದ ಒಂದು ಪಾರ್ಟಿಗೆ ಉಲ್ಟಾ ಹುರಿಯ ನೂಲು ಓಡಿತ್ತು, ಪಕ್ಕದ ಮಿಷಿನ್‌ನಲ್ಲೇ. ಎರಡೂ ಲಾಟು ಒಂದೇ ಕೋಲಿನ ಮೇಲೆ ನೇತಾಡಿರಬೇಕು. ಆಮೇಲೆ ನನ್ನ ಮೊದಲ ವರ್ಷದ ಮಕ್ಕಳಿಗೆ ಗಂಟು ಬಿಚ್ಚಬೇಡಿ, ಗಂಟಿನಿಂದ ದೂರದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಗೆ ಗುರುತು ಹಾಕಿ ಅಂತ ಹೇಳಿಕೊಡುವಾಗ ಈ ಅಕ್ಕನ ಉದಾಹರಣೆ ಕೊಡುತ್ತೇನೆ. ಕಟ್ಟುವ ಕೈಯ ಅಭ್ಯಾಸ ಗಂಟಿನಲ್ಲಿ ಉಳಿದಿರುತ್ತದೆ.

ಬಾಯ್ ಆ ಲಾಟಿನ ಕೂಲಿ ಪೂರಾ ವಾಪಸ್ ಕೊಟ್ಟರು, ಮಾವನಿಗೆ ಫೋನ್ ಮಾಡಿ ಮಾತಾಡಿದರು. ಸೀರೆಗೆ ಬಿದ್ದ ನಷ್ಟದ ಮುಂದೆ ಅದು ಏನೂ ಅಲ್ಲ, ಆದರೂ ಎಷ್ಟೋ ಕಡೆ ಅಷ್ಟೂ ಕೊಡಲ್ಲ. ಆ ಸೀರೆಗಳನ್ನು ಮಾವ ಇಳಿಸಿದ ರೇಟಿಗೆ, ಗೆರೆ ಇದೆ ಅಂತ ಹೇಳಿಯೇ ಮಾರಿದರು.

ನನಗೆ ಬೇಜಾರಾಗಿದ್ದು ಪುಸ್ತಕ ನೋಡಿ. ಪಾರ್ಟಿ ಹೆಸರು, ಕೆಜಿ, ತಾರೀಕು, ಮುಗೀತು. ಯಾವ ಹುರಿ, ಯಾವ ದಿಕ್ಕು, ಎಷ್ಟು ಲಡಿ, ಯಾವ ಮಿಷಿನ್, ಯಾರು ಕಟ್ಟಿದ್ದು, ಏನೂ ಇಲ್ಲ. ಎಲ್ಲಾ ಬಾಯ್ ತಲೆಯಲ್ಲಿದೆ. ಅವರ ತಲೆ ಚೆನ್ನಾಗಿಯೇ ಇದೆ, ಆದರೆ ಅವರು ಮದುವೆಗೆ ಹೋದ ದಿನ ಯೂನಿಟ್ ಓಡಿಸುವವರ ತಲೆ ಬೇರೆ. ನಮ್ಮ ಕ್ಷೇತ್ರದಲ್ಲಿ ಒಂದು ಸಾಕ್ಷಿ ಸಿಕ್ಕ ಜಾಗದಿಂದ ಕೋರ್ಟಿನ ತನಕ ಯಾರ ಕೈಯಿಂದ ಯಾರ ಕೈಗೆ, ಯಾವತ್ತು, ಯಾವ ಸೀಲಿನಲ್ಲಿ ಹೋಯಿತು ಅಂತ ಚೀಟಿ ಇರಬೇಕು. ಆ ಸರಪಣಿ ನಡುವೆ ಕಡಿದರೆ ಲ್ಯಾಬಿನಲ್ಲಿ ಎಷ್ಟೇ ಚೆನ್ನಾಗಿ ಪರೀಕ್ಷೆ ಮಾಡಿದ್ದರೂ ಪ್ರಯೋಜನ ಕಡಿಮೆ. ಪರೀಕ್ಷೆ ಮಾಡಿದ್ದು ಅದೇ ವಸ್ತುವನ್ನೇ ಅಂತ ತೋರಿಸುವುದಕ್ಕೆ ಆಗಲ್ಲ. ಹುರಿ ಯೂನಿಟ್‌ಗೂ ಇದೇ ಮಾತು. ಒಂದೇ ಸಮ ಹುರಿ ಹಾಕಿ ಬೇರೆಯವರ ಲಡಿ ಕೊಟ್ಟರೆ ಆ ಒಂದೇ ಸಮವನ್ನು ನಾನು ಏನು ಮಾಡಲಿ? ಸರಾಸರಿ ಬೇಡ ಅಂದದ್ದು ಇದಕ್ಕೆ.

ತಮಾಷೆ ಏನು ಅಂದರೆ, ಇದಕ್ಕೆ ಔಷಧ ಅದೇ ಶೆಡ್ಡಿನಲ್ಲಿದೆ. ಕ್ರೇಪ್, ಜಾರ್ಜೆಟ್ ನೂಲಿನಲ್ಲಿ ಎಸ್, ಜೆಡ್ ಎರಡೂ ಬೇಕಾಗುತ್ತವೆ, ಅದಲುಬದಲಾದರೆ ಬಟ್ಟೆಯೇ ಹಾಳು. ಹಾಗಾಗಿ ಒಂದಕ್ಕೆ ಗುಲಾಬಿ, ಇನ್ನೊಂದಕ್ಕೆ ಹಸಿರು ಅಂತ ತೊಳೆದರೆ ಹೋಗುವ ತೆಳು ಬಣ್ಣ ಹಚ್ಚುತ್ತಾರೆ. ಗೋಂದು ತೆಗೆಯುವಾಗ ಅದೂ ಹೋಗಿಬಿಡುತ್ತದೆ. ಹಾಸಿನ ನೂಲಿಗೆ ಯಾಕೆ ಹಾಕಲ್ಲ ಅಂದರೆ, "ಯಾರೂ ಕೇಳಲ್ಲ ಮೇಡಂ" ಅಂದರು. ನಾನು ಕೇಳುತ್ತಿದ್ದೇನಲ್ಲ! ಈಗ ನಮ್ಮ ಲಾಟಿನ ಜೊತೆ ನಾನೇ ಕೆಂಪು ಹತ್ತಿ ದಾರ ಕೊಡುತ್ತೇನೆ, ನಮ್ಮ ಲಡಿಗಳನ್ನು ಅದರಲ್ಲೇ ಕಟ್ಟುತ್ತಾರೆ. ಬೇರೆಯವರಿಗೆ ಈಗಲೂ ಬಿಳಿ ದಾರವೇ.

ತೂಕದ ವಿಷಯವೂ ಹೇಳಬೇಕು, ಜಗಳ ಜಾಸ್ತಿ ಆಗುವುದು ಇದರಲ್ಲೇ. ರೇಷ್ಮೆ ಗಾಳಿಯ ತೇವ ಹೀರುತ್ತದೆ. ವ್ಯಾಪಾರದಲ್ಲಿ ಒಪ್ಪಿಕೊಂಡ ಲೆಕ್ಕ, ಪೂರ್ತಿ ಒಣಗಿದ ತೂಕದ ಮೇಲೆ 11 ಶೇಕಡಾ ತೇವ. ಮಳೆಗಾಲದಲ್ಲಿ ಕೊಟ್ಟು ಒಣ ಹವೆಯಲ್ಲಿ ವಾಪಸ್ ತಂದರೆ ತೂಕ ಇಳಿದಿರುತ್ತದೆ, ಯಾರೂ ಕದ್ದಿರಲ್ಲ. ನೆನೆಹಾಕಿದ ಎಣ್ಣೆ ಸೋಪು ಉಳಿದು ತೂಕ ಏರುವುದೂ ಇದೆ. ಬಾಯ್ ತಕ್ಕಡಿ ನಂಬಬಹುದು, ನಾನು ಮನೆಯಲ್ಲಿ ತೂಗಿಯೇ ಹೋಗುವುದು. ಕಡಿದ ನೂಲಿನ ವೇಸ್ಟ್ ಕೂಡ ಕವರಿಗೆ ಹಾಕಿ ಕೊಡುತ್ತಾರೆ, ಕೇಳುವ ಮುಂಚೆಯೇ. ಈ ವಿಷಯದಲ್ಲಿ ಪ್ರಾಮಾಣಿಕರು.

ನಮ್ಮ ಕಾಲೇಜಿಗೆ ಈ ಯೂನಿಟ್‌ನಿಂದ ಆಗಿರುವ ಉಪಕಾರ ಬೇರೆ. ಎಸ್, ಜೆಡ್, ಒಂಟಿ, ಜೋಡಿ, ಕಡಿಮೆ ಹುರಿ, ಕ್ರೇಪ್ ಹುರಿ, ಎಲ್ಲದರ ತುಂಡೂ ಬಾಯ್ ಪುಕ್ಕಟೆ ಕೊಟ್ಟರು. ಇಂಥದ್ದು ಅಂತ ಗೊತ್ತಿರುವ ಮಾದರಿ ಕೈಯಲ್ಲಿ ಇದ್ದರೆ ಮಾತ್ರ ಗೊತ್ತಿಲ್ಲದ್ದನ್ನು ಹೋಲಿಸಿ ನೋಡಬಹುದು. ಮಕ್ಕಳು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕಚ್ಚಾ ರೇಷ್ಮೆಯಲ್ಲಿ ಹುಳುವಿನ ಎರಡು ಗ್ರಂಥಿಯಿಂದ ಬಂದ ಜೋಡಿ ಎಳೆ ಗೋಂದಿನೊಳಗೆ ಕಾಣುತ್ತದೆ, ಗೋಂದು ತೆಗೆದದ್ದರಲ್ಲಿ ಅವು ಬಿಡಿ ಬಿಡಿ, ನುಣುಪು, ಅಡ್ಡ ಕೊಯ್ದರೆ ಮುಕ್ಕೋನ. ಹತ್ತಿ ತಿರುಚಿದ ಪಟ್ಟಿ, ಉಣ್ಣೆಯ ಮೇಲೆ ಹುರುಪೆ, ಪಾಲಿಯೆಸ್ಟರ್ ಗಾಜಿನ ಕಡ್ಡಿಯ ಹಾಗೆ. ಸುಟ್ಟು ನೋಡುವ ಪರೀಕ್ಷೆ ಮಾವನಿಗೂ ಬರುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಕಪ್ಪು ಗುಳ್ಳೆಯಾಗಿ, ಹಿಚುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕಾಗದ ಸುಟ್ಟ ವಾಸನೆ. ಉಣ್ಣೆಯೂ ಕೂದಲಿನ ವಾಸನೆಯೇ ಕೊಡುವುದರಿಂದ ಲ್ಯಾಬಿನಲ್ಲಿ ಇದೊಂದನ್ನೇ ನಂಬಿ ಬರೆಯಲ್ಲ.

ಒಂದು ಸಲ ಮಕ್ಕಳನ್ನು ಯೂನಿಟ್‌ಗೇ ಕರೆದುಕೊಂಡು ಹೋಗಿದ್ದೆ. ವಾಪಸ್ ಬಂದ ಮೇಲೆ ಎಲ್ಲರ ಬಟ್ಟೆ ಮೇಲೆ ಟೇಪ್ ಒತ್ತಿ ಎತ್ತಿ ನೋಡಿದರೆ ರೇಷ್ಮೆ ಎಳೆಗಳು. ಎರಡು ವಸ್ತು ತಗುಲಿದರೆ ಒಂದರದ್ದು ಇನ್ನೊಂದಕ್ಕೆ ಹತ್ತುತ್ತದೆ ಅನ್ನುವ ಪಾಠ ಬೇರೆ ಮಾಡಬೇಕಾಗಲಿಲ್ಲ. ಆ ಪಾಠದ ಯಜಮಾನ ಎಡ್ಮಂಡ್ ಲೊಕಾರ್, 1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಪೊಲೀಸ್ ಲ್ಯಾಬ್ ಶುರು ಮಾಡಿದವರು. ಲಿಯಾನ್ ಅಂದರೆ ರೇಷ್ಮೆ ನೇಯ್ಗೆಯ ಊರು. ಮಾವನ ಮಗ್ಗದ ಮೇಲೆ ಕೂತಿರುವ ಜಕಾರ್ಡ್ ಪೆಟ್ಟಿಗೆಯ ಜಕಾರ್ಡ್ ಕೂಡ ಅದೇ ಊರಿನವರು. ಇದನ್ನು ಮಾವನಿಗೆ ಹೇಳಿದೆ. "ಅಲ್ಲಿ ಕೂಲಿ ಎಷ್ಟಂತೆ?" ಅಂದರು.

ನೀವು ಹೋಗುವುದಾದರೆ: ಸಣ್ಣ ಲಾಟು ತಗೊಳ್ಳುತ್ತಾರೆ, ಆದರೆ ದೊಡ್ಡ ಪಾರ್ಟಿಯ ಕೆಲಸ ಬಂದರೆ ನಿಮ್ಮದು ಹಿಂದೆ ಬೀಳುತ್ತದೆ, ಹಬ್ಬದ ಮುಂಚೆ ಅಂತೂ ಖಂಡಿತ. ಬಿಳಿ ಬೈವೋಲ್ಟೈನ್ ಮತ್ತು ಹಳದಿ ಮಿಶ್ರತಳಿ ಎರಡೂ ಕೊಡುತ್ತಿದ್ದರೆ ಒಂದೇ ದಿನ ಕೊಡಬೇಡಿ. ಹುರಿಯ ದಿಕ್ಕು, ಲೆಕ್ಕ, ಲಡಿಗಳ ಸಂಖ್ಯೆ ಎರಡು ಚೀಟಿಯಲ್ಲಿ ಬರೆದು ಒಂದಕ್ಕೆ ಬಾಯ್ ಸಹಿ ಹಾಕಿಸಿಕೊಳ್ಳಿ, ಹಾಕುತ್ತಾರೆ, ಸ್ವಲ್ಪ ನಗುತ್ತಾರೆ ಅಷ್ಟೇ. ಕಟ್ಟುವ ದಾರ ನಿಮ್ಮದೇ ಬಣ್ಣದ್ದು ಕೊಡಿ, ಕೆಂಪು ಬಿಟ್ಟು. ವಾಪಸ್ ತರುವಾಗ ಪ್ರತಿ ಲಡಿಯಿಂದ ಒಂದು ಎಳೆ ಬೆರಳಲ್ಲಿ ಹೊಸೆದು ನೋಡಿ, ಆಮೇಲೆ ದುಡ್ಡು ಕೊಡಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ಸಂಜೆ ತೆಗೆಯುತ್ತಾರೆ.